ನಾಗರ ವಿಷದಿಂದ ಇರುಳಿನ ಮಾತ್ರೆಗೆ

ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬಿಕ್ಕಳಿಕೆಗೂ ಶ್ವಾಸರೋಗಕ್ಕೂ ಸೇರಿಸಿ ಬರೆದ ಒಂದು ಅಧ್ಯಾಯವಿದೆ. ಅಲ್ಲಿ ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಲಾಗಿದೆ. ಆ ಐದರಲ್ಲಿ ‘ತಮಕ’ ಎಂಬುದರ ವರ್ಣನೆಯನ್ನು ಓದಿದವರಿಗೆ, ನಮ್ಮ ಕೇರಿಯ ಗೂರಲು ರೋಗಿಯೊಬ್ಬನನ್ನು ಎದುರಿಗೆ ಕೂರಿಸಿಕೊಂಡೇ ಅದನ್ನು ಬರೆದರೋ ಎನ್ನಿಸದೆ ಇರದು. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕುಳಿತರೆ ತುಸು ನೆಮ್ಮದಿ. ಮೋಡ, ಮಳೆ, ಚಳಿ, ಮೂಡಣ ಗಾಳಿ ಇವೆಲ್ಲ ರೋಗಕ್ಕೆ ನೀರೆರೆಯುತ್ತವೆ. ಹಳೆಯದಾಗಿ ಬೇರೂರಿದ ತಮಕವನ್ನು ಗ್ರಂಥಕಾರರು ‘ಯಾಪ್ಯ’ವೆಂಬ ವರ್ಗಕ್ಕೆ ಸೇರಿಸಿದ್ದಾರೆ.

ಈ ‘ಯಾಪ್ಯ’ ಎಂಬ ಮಾತು ನನ್ನನ್ನು ಬಹಳ ದಿನ ಕಾಡಿದೆ. ಕನ್ನಡದಲ್ಲಿ ಅದಕ್ಕೆ ಸರಿಸಮನಾದ ಒಂದೇ ಪದ ನನಗೆ ಹೊಳೆದಿಲ್ಲ. ನಮ್ಮ ಜನ ರೋಗದ ವಿಷಯದಲ್ಲಿ ‘ವಾಸಿಯಾಯಿತು’ ಎನ್ನುತ್ತಾರೆ, ಇಲ್ಲವೆ ‘ವಾಸಿಯಾಗುವಂಥದಲ್ಲ’ ಎನ್ನುತ್ತಾರೆ. ಯಾಪ್ಯವು ಇವೆರಡರ ನಡುವಣ ಸ್ಥಿತಿ. ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲ ರೋಗಿ ನಿಂತಿರುತ್ತಾನೆ. ಚಿಕಿತ್ಸೆ ನಿಂತರೆ ಕುಸಿಯುತ್ತಾನೆ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಬೀಳಲಿರುವ ಮನೆಗೆ ಕೊಟ್ಟ ಆಸರೆಯ ಕಂಬದ ಹೋಲಿಕೆ ಬರುತ್ತದೆ. ಕಂಬ ಮನೆಯನ್ನು ಹೊಸದು ಮಾಡುವುದಿಲ್ಲ; ಬೀಳದಂತೆ ಹಿಡಿದಿರುತ್ತದೆ, ಅಷ್ಟೆ.

ಇಂದಿನ ವೈದ್ಯರು ಉಬ್ಬಸದ ಔಷಧಗಳನ್ನು ಎರಡು ಪಂಗಡ ಮಾಡಿದ್ದಾರೆ. ಉಸಿರು ಕಟ್ಟಿದ ಗಳಿಗೆಯಲ್ಲಿ ತಕ್ಷಣ ಬಿಡಿಸುವಂಥವು ಒಂದು. ಉಸಿರು ಚೆನ್ನಾಗಿದ್ದಾಗಲೂ ದಿನದಿನವೂ ತೆಗೆದುಕೊಂಡು ರೋಗ ಕೆರಳದಂತೆ ತಡೆಯುವಂಥವು ಇನ್ನೊಂದು. ಈ ಎರಡನೆಯ ಪಂಗಡವೇ ಯಾಪ್ಯದ ಕಂಬ. ಅಂಥ ಕಂಬಗಳಲ್ಲಿ ಒಂದು, ನಮ್ಮ ನಾಡಿನ ಮೂಲೆಮೂಲೆಯ ಔಷಧದ ಅಂಗಡಿಗಳಲ್ಲಿ ಈಗ ದೊರೆಯುವ ಮಾಂಟೆಲುಕಾಸ್ಟ್ ಎಂಬ ಚಿಕ್ಕ ಮಾತ್ರೆ. ನಾನು ವೈದ್ಯನಲ್ಲ; ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೂ ಈ ಮಾತ್ರೆಯ ಚರಿತ್ರೆಯನ್ನು ಓದುತ್ತ ಹೋದಾಗ, ಹೆಸರಿಲ್ಲದ ಒಂದು ವಸ್ತುವನ್ನು ಮನುಷ್ಯರು ನಲವತ್ತು ವರ್ಷ ಹೇಗೆ ಬೆನ್ನಟ್ಟಿದರೆಂಬ ಕಥೆ ಅದರೊಳಗೆ ಕಂಡಿತು. ಅದನ್ನು ಇಲ್ಲಿ ಹೇಳುತ್ತೇನೆ.

ಉಸಿರಿನ ರೋಗಕ್ಕೆ ಬಾಯಿಂದ ಔಷಧ ಕೊಡುವುದೇನೂ ಹೊಸತಲ್ಲ. ನಮ್ಮಲ್ಲಿ ಆಡುಸೋಗೆಯ ಎಲೆಯ ರಸ, ಹಿಪ್ಪಲಿ, ಶುಂಠಿ, ಜೇನು ಮೊದಲಿನಿಂದಲೂ ಇವೆ. ಆಡುಸೋಗೆ ಬರಿಯ ಅಜ್ಜಿಯ ಮದ್ದಾಗಿಯೇ ಉಳಿಯಲಿಲ್ಲ. ಅದರಲ್ಲಿರುವ ವಾಸಿಸೀನ್ ಎಂಬ ಸತ್ತ್ವದ ಜಾಡು ಹಿಡಿದು ಹೊರಟ ರಸಾಯನಜ್ಞರು ಬ್ರೋಮ್‌ಹೆಕ್ಸಿನ್ ಎಂಬ ಕಫ ಸಡಿಲಿಸುವ ಔಷಧವನ್ನು ಮಾಡಿದರು. ಚೀನ ದೇಶದಲ್ಲಿ ಮಾ ಹುವಾಂಗ್ ಎಂಬ ಗಿಡದ ಕಷಾಯವಿತ್ತು. ಅದರ ಸತ್ತ್ವವಾದ ಎಫಿಡ್ರಿನನ್ನು ೧೮೮೫ರಲ್ಲಿ ಜಪಾನಿನ ನಾಗಾಯಿ ನಾಗಯೋಷಿ ಎಂಬುವರು ಬೇರ್ಪಡಿಸಿದರು. ೧೯೨೪ರಲ್ಲಿ ಚೆನ್ ಮತ್ತು ಷ್ಮಿಟ್ ಎಂಬ ಇಬ್ಬರು ಅದರ ಗುಣವನ್ನು ಪಾಶ್ಚಾತ್ಯ ವೈದ್ಯಲೋಕಕ್ಕೆ ಪರಿಚಯ ಮಾಡಿಕೊಟ್ಟರು. ಇಂಗ್ಲೆಂಡಿನ ಹೆನ್ರಿ ಹೈಡ್ ಸಾಲ್ಟರ್ ಎಂಬ ವೈದ್ಯರು ತಾವೇ ಉಬ್ಬಸದಿಂದ ನರಳಿದವರು. ಅವರು ೧೮೬೦ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಖಾಲಿ ಹೊಟ್ಟೆಯಲ್ಲಿ ಗಟ್ಟಿ ಕಾಫಿ ಕುಡಿಯುವುದನ್ನು ಒಳ್ಳೆಯ ಮದ್ದೆಂದು ಹೊಗಳಿದ್ದಾರೆ. ನಮ್ಮ ಚಿಕ್ಕಮಗಳೂರಿನವರು ಹಿಗ್ಗಬಹುದಾದ ಮಾತು! ಕಾಫಿಯ ಸತ್ತ್ವಕ್ಕೆ ಹತ್ತಿರದ ಬಂಧುವಾದ ಥಿಯೋಫಿಲಿನನ್ನು ೧೮೮೮ರಲ್ಲಿ ಆಲ್ಬ್ರೆಕ್ಟ್ ಕಾಸೆಲ್ ಎಂಬ ಜರ್ಮನ್ ವಿದ್ವಾಂಸರು ಚಹದ ಎಲೆಯಲ್ಲಿ ಕಂಡರು. ಮುಂದೆ ಅದೇ ಗುಳಿಗೆಯಾಗಿ ಉಬ್ಬಸದವರ ಮನೆಮನೆಗೆ ಬಂದಿತು.

ನನ್ನ ತಾಯಿಯ ಕಾಲದ ಗುಳಿಗೆಗಳು ಇಂಥವೇ. ಒಂದು ಥಿಯೋಫಿಲಿನ್ ಜಾತಿಯದು, ಇನ್ನೊಂದು ಸಾಲ್ಬುಟಮಾಲ್. ಅವನ್ನು ನುಂಗಿದ ಅರ್ಧ ಗಂಟೆಗೆ ಆಕೆಯ ಉಸಿರು ಸಡಿಲವಾಗುತ್ತಿದ್ದುದು ನಿಜ. ಆದರೆ ಎದೆ ಡವಡವನೆ ಹೊಡೆದುಕೊಂಡು, ಕೈ ನಡುಗಿ, ಲೋಟದ ನೀರು ಸೆರಗಿನ ಮೇಲೆ ತುಳುಕುತ್ತಿತ್ತು. ಕಾರ್ತಿಕದ ಚಳಿಯಲ್ಲಿ ಆಕೆ ಗೋಡೆಗೆ ದಿಂಬು ಒರಗಿಸಿ ಕುಳಿತೇ ಬೆಳಗು ಮಾಡಿದ ರಾತ್ರಿಗಳು ಎಷ್ಟೋ. ‘ಈ ಗುಳಿಗೆ ಬಾಗಿಲು ತೆಗೆಯುತ್ತೆ ಕಣೋ, ಆದರೆ ಮನೆಯನ್ನೇ ಅಲ್ಲಾಡಿಸಿ ತೆಗೆಯುತ್ತೆ’ ಎನ್ನುತ್ತಿದ್ದಳು. ಅದಕ್ಕಿಂತ ಚೆನ್ನಾಗಿ ಆ ಔಷಧಗಳನ್ನು ವರ್ಣಿಸಲು ನನಗೆ ಬಾರದು. ಅವು ಮುಚ್ಚಿದ ಬಾಗಿಲನ್ನು ತಳ್ಳಿ ತೆರೆಯುತ್ತಿದ್ದವು. ಬಾಗಿಲು ಹಾಕಿದವರು ಯಾರೆಂಬ ಪ್ರಶ್ನೆ ಬೇರೆ.

ಆ ಪ್ರಶ್ನೆಯ ಅರ್ಧ ಉತ್ತರ ಮೂಗಿನ ಕಡೆಯಿಂದ ಬಂದಿತು. ೧೮೧೯ರಲ್ಲಿ ಲಂಡನ್ನಿನ ಜಾನ್ ಬಾಸ್ಟಾಕ್ ಎಂಬ ವೈದ್ಯರು, ಪ್ರತಿ ಬೇಸಗೆಯಲ್ಲೂ ತಪ್ಪದೆ ತಮಗೆ ಬರುತ್ತಿದ್ದ ಕಣ್ಣುರಿ, ಸೀನು, ಎದೆಬಿಗಿತಗಳನ್ನು ಕುರಿತು ವೈದ್ಯರ ಸಭೆಯೊಂದರಲ್ಲಿ ಪ್ರಬಂಧ ಓದಿದರು. ಬಿಸಿಲೇ ಇದಕ್ಕೆ ಕಾರಣವೆಂದು ಅವರ ಊಹೆ. ಅದು ಬಿಸಿಲಲ್ಲ, ಹುಲ್ಲಿನ ಪರಾಗವೆಂದು ೧೮೭೩ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ತೋರಿಸಿದರು. ಆತ ಪರಾಗವನ್ನು ತನ್ನ ಮೂಗಿಗೇ ಹಾಕಿಕೊಂಡು, ತನ್ನ ಚರ್ಮದ ಮೇಲೆಯೇ ಉಜ್ಜಿಕೊಂಡು ನೋಡಿದ ಹಟಮಾರಿ. ಇಂಥ ಒಗ್ಗದಿಕೆಗೆ ‘ಅಲರ್ಜಿ’ ಎಂಬ ಹೆಸರು ಬಂದುದು ೧೯೦೬ರಲ್ಲಿ, ವಿಯೆನ್ನಾದ ಫಾನ್ ಪಿರ್ಕೆ ಎಂಬುವರಿಂದ. ನಮ್ಮ ಊರುಗಳಲ್ಲಿ ಈ ಪರಾಗದ ಪಾತ್ರವನ್ನು ವಹಿಸಲು ಹುಲ್ಲೇ ಬೇಕೆಂದಿಲ್ಲ. ಖಾಲಿ ನಿವೇಶನಗಳಲ್ಲೆಲ್ಲ ಬಿಳಿಯ ಹೂ ಹೊತ್ತು ನಿಲ್ಲುವ ಪಾರ್ಥೇನಿಯಮ್, ಅಂದರೆ ಜನ ಕಾಂಗ್ರೆಸ್ ಗಿಡವೆನ್ನುವ ಕಳೆ, ಒಂದೇ ಸಾಕು. ಮೂಗೂ ಪುಪ್ಪುಸವೂ ಒಂದೇ ದಾರಿಯ ಎರಡು ತುದಿ. ಒಂದು ಕೆರಳಿದರೆ ಇನ್ನೊಂದು ಸುಮ್ಮನಿರುವುದು ಅಪರೂಪ.

ಪರಾಗವೋ ಧೂಳೋ ಒಳಹೊಕ್ಕಾಗ ದೇಹವೇ ಒಂದು ರಸವನ್ನು ಹೊರಚೆಲ್ಲುತ್ತದೆ. ಆ ರಸವೇ ಸೀನು, ಊತ, ತುರಿಕೆಗಳನ್ನು ಎಬ್ಬಿಸುತ್ತದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಆ ರಸದ ಹೆಸರು ತಿಳಿಯಿತು: ಹಿಸ್ಟಮೀನ್. ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಲೈಡ್ಲಾ ೧೯೧೦ರಲ್ಲಿ ಅದರ ಪರಿಣಾಮಗಳನ್ನು ಬಣ್ಣಿಸಿದರು. ೧೯೩೭ರಲ್ಲಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್ ಮರಿ ಸ್ಟಾಬ್ ಅದಕ್ಕೆ ಪ್ರತಿಮದ್ದು ಹುಡುಕಿದರು. ಇನ್ನೇನು, ಉಬ್ಬಸದ ಕಥೆ ಮುಗಿಯಿತೆಂದೇ ಅನೇಕರು ಭಾವಿಸಿದ್ದರು. ಆದರೆ ಹಿಸ್ಟಮೀನಿನ ಪ್ರತಿಮದ್ದು ಸೀನನ್ನು ನಿಲ್ಲಿಸಿತು, ತುರಿಕೆಯನ್ನು ನಿಲ್ಲಿಸಿತು. ಗೂರಲನ್ನು ಮಾತ್ರ ನಿಲ್ಲಿಸಲಿಲ್ಲ. ಬಾಗಿಲು ಹಾಕುವ ಕಳ್ಳ ಇನ್ನೊಬ್ಬನಿದ್ದಾನೆ ಎಂದಾಯಿತು.

ಆ ಇನ್ನೊಬ್ಬನ ಹೆಜ್ಜೆಯ ಸಪ್ಪಳ ಮೊದಲು ಕೇಳಿಸಿದ್ದು ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಲ್ಲಿ, ೧೯೩೮ರಲ್ಲಿ. ಕೇಳಿಸಿದ ಬಗೆ ವಿಚಿತ್ರವಾದುದು. ಬರ್ಲಿನ್ನಿನಲ್ಲಿ ಕೆಲಸದಲ್ಲಿದ್ದ ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಎಂಬ ವಿಜ್ಞಾನಿಯನ್ನು ಯೆಹೂದ್ಯನೆಂಬ ಕಾರಣಕ್ಕಾಗಿ ೧೯೩೩ರಲ್ಲಿ ನಾಜಿ ಸರ್ಕಾರ ಹೊರಹಾಕಿತು. ಆತ ಲಂಡನ್ನಿಗೆ ಹೋಗಿ ಅದೇ ಹೆನ್ರಿ ಡೇಲ್ ಅವರ ಆಶ್ರಯ ಪಡೆದು, ಅಲ್ಲಿಂದ ಮೆಲ್ಬೋರ್ನಿಗೆ ಬಂದರು. ಅಲ್ಲಿನ ವಾಲ್ಟರ್ ಅಂಡ್ ಎಲಿಜಾ ಹಾಲ್ ಸಂಸ್ಥೆಯ ಮುಖ್ಯಸ್ಥರಾದ ಚಾರ್ಲ್ಸ್ ಕೆಲ್ಲವೇ ಹಾವಿನ ವಿಷಗಳನ್ನು ಕುರಿತು ದುಡಿಯುತ್ತಿದ್ದವರು. ಇಬ್ಬರೂ ಸೇರಿ ಗಿನಿಯಿಲಿಯ ಪುಪ್ಪುಸದೊಳಕ್ಕೆ ನಾಗರಹಾವಿನ ವಿಷವನ್ನು ಹಾಯಿಸಿದರು. ನಾಗರ ಆಸ್ಟ್ರೇಲಿಯದ ಹಾವಲ್ಲ, ನಮ್ಮ ಕಡೆಯದು. ಹದಿನಾಲ್ಕನೆಯ ಶತಮಾನದಲ್ಲೇ ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವೆಂಬ ದೊಡ್ಡ ಕಾವ್ಯವನ್ನು ಕನ್ನಡದಲ್ಲಿ ಬರೆದ ಮಂಗರಾಜನಿಗೆ ಈ ಸಂಗತಿ ತಿಳಿದಿದ್ದರೆ ಎಷ್ಟು ಕುತೂಹಲಪಡುತ್ತಿದ್ದನೋ! ವಿಷವನ್ನು ಇಳಿಸುವುದು ಹೇಗೆಂಬುದು ಆತನ ಚಿಂತೆ. ವಿಷವು ಅಂಗದೊಳಗಿಂದ ಏನನ್ನು ಹೊರಡಿಸುತ್ತದೆ ಎಂಬುದು ಇವರ ಚಿಂತೆ.

ಪುಪ್ಪುಸದಿಂದ ಇಳಿದು ಬಂದ ದ್ರವವನ್ನು ಪರೀಕ್ಷಿಸುವ ಆ ಕಾಲದ ಕ್ರಮ ಇದು. ಗಿನಿಯಿಲಿಯ ಕರುಳಿನ ಒಂದು ತುಂಡನ್ನು ಉಪ್ಪುನೀರಿನಲ್ಲಿ ತೂಗುಹಾಕಿ, ಅದಕ್ಕೆ ಒಂದು ಕಡ್ಡಿ ಸಿಕ್ಕಿಸಿ, ಕಡ್ಡಿಯ ತುದಿ ಮಸಿ ಹಿಡಿಸಿದ ಉರುಳೆಯ ಮೇಲೆ ಗೆರೆ ಎಳೆಯುವಂತೆ ಮಾಡುತ್ತಿದ್ದರು. ಹಿಸ್ಟಮೀನ್ ಸೋಕಿದರೆ ಕರುಳು ಥಟ್ಟನೆ ಕುಗ್ಗುತ್ತದೆ, ತೊಳೆದರೆ ಥಟ್ಟನೆ ಸಡಿಲವಾಗುತ್ತದೆ. ಆದರೆ ಈ ದ್ರವ ಸೋಕಿದಾಗ ಕರುಳು ಮೆಲ್ಲಮೆಲ್ಲನೆ ಬಿಗಿದು, ಬಹಳ ಹೊತ್ತು ಬಿಗಿದೇ ಇದ್ದಿತು. ಗೆರೆ ಬೆಟ್ಟದ ಹಾಗೆ ನಿಧಾನವಾಗಿ ಏರಿತ್ತು. ಇದು ಏನೆಂದು ಅವರಿಗೆ ತಿಳಿಯಲಿಲ್ಲ. ‘ನಿಧಾನವಾಗಿ ವರ್ತಿಸುವ ವಸ್ತು’ ಎಂದು ಬರೆದಿಟ್ಟರು. ಹೆಸರು ಗೊತ್ತಿಲ್ಲದ ಮನುಷ್ಯನನ್ನು ‘ಆ ಕುಂಟ’, ‘ಆ ಉದ್ದನೆಯವ’ ಎಂದು ಊರಿನವರು ಗುರುತು ಹೇಳುವಂತೆ, ನಡೆಯನ್ನು ನೋಡಿ ಇಟ್ಟ ಹೆಸರು. ಎರಡು ವರ್ಷದ ತರುವಾಯ, ೧೯೪೦ರಲ್ಲಿ, ಕೆಲ್ಲವೇ ಮತ್ತು ಟ್ರೆಥೆವಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಹಾವಿನ ವಿಷವೇ ಬೇಕಿಲ್ಲ; ಪ್ರಾಣಿಗೆ ಒಗ್ಗದ ವಸ್ತುವನ್ನು ತಾಗಿಸಿದರೂ ಪುಪ್ಪುಸದಿಂದ ಅದೇ ವಸ್ತು ಹೊರಡುತ್ತದೆ!

ಇಪ್ಪತ್ತು ವರ್ಷ ಕಳೆದ ಮೇಲೆ ಬ್ರಾಕಲ್‌ಹರ್ಸ್ಟ್ ಎಂಬ ಬ್ರಿಟಿಷ್ ವಿಜ್ಞಾನಿ ಒಂದು ಜಾಣತನ ಮಾಡಿದರು. ಹಿಸ್ಟಮೀನಿನ ಪ್ರತಿಮದ್ದನ್ನು ಮೊದಲೇ ಬೆರೆಸಿ, ಹಿಸ್ಟಮೀನಿನ ಬಾಯಿ ಕಟ್ಟಿ, ಉಳಿದ ನಿಧಾನದ ವಸ್ತುವೊಂದನ್ನೇ ಅಳೆದರು. ಉಬ್ಬಸದ ರೋಗಿಗಳ ಶ್ವಾಸಾಂಗದ ತುಣುಕುಗಳಿಗೆ ಅವರಿಗೆ ಒಗ್ಗದ ವಸ್ತುವನ್ನು ಸೋಕಿಸಿದಾಗಲೂ ಅದು ಹೊರಬಂತು. ೧೯೬೦ರಲ್ಲಿ ಪ್ರಕಟವಾದ ಈ ಕೆಲಸದಿಂದ ಗಿನಿಯಿಲಿಯ ಕಥೆ ಮನುಷ್ಯನ ಕಥೆಯಾಯಿತು. ಆದರೆ ಕಳ್ಳನ ಮುಖ ಇನ್ನೂ ಕಂಡಿರಲಿಲ್ಲ. ವಸ್ತು ಸಿಗುತ್ತಿದ್ದುದು ಅತ್ಯಲ್ಪ. ಸಿಕ್ಕಿದ್ದೂ ಕೈಯಲ್ಲಿ ನಿಲ್ಲದೆ ಕೆಡುತ್ತಿತ್ತು. ೧೯೭೩ರಲ್ಲಿ ಫೈಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆಯವರು ಈ ಅಜ್ಞಾತನಿಗೆ ಅಡ್ಡನಿಲ್ಲುವ ಒಂದು ರಾಸಾಯನಿಕವನ್ನೂ ಕಂಡುಹಿಡಿದರು. ಅದಕ್ಕೆ ಅಂಕಿಯ ಹೆಸರು ಮಾತ್ರ ಇತ್ತು. ಔಷಧವಾಗಿ ಅದು ನಿಲ್ಲಲಿಲ್ಲ. ಯಾರೆಂದು ತಿಳಿಯದವನನ್ನು ತಡೆಯುವವನು ಮೊದಲೇ ಸಿಕ್ಕಿದ್ದು ಒಂದು ಬೆರಗು.

ಮುಖ ಕಂಡದ್ದು ೧೯೭೯ರಲ್ಲಿ, ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ. ಬೆಂಗ್ಟ್ ಸ್ಯಾಮುಯೆಲ್ಸನ್ ಅವರು ಆ ವೇಳೆಗೆ ದೇಹದ ಜೀವಕೋಶಗಳ ಪೊರೆಯಲ್ಲಿರುವ ಅರಾಕಿಡಾನಿಕ್ ಆಮ್ಲವೆಂಬ ಕೊಬ್ಬಿನ ಆಮ್ಲ ಏನೇನಾಗಿ ಮಾರ್ಪಡುತ್ತದೆಂಬುದನ್ನು ಶೋಧಿಸುತ್ತಿದ್ದರು. ಈ ಆಮ್ಲದ ಹೆಸರಿನ ಮೂಲ ಕಡಲೆಕಾಯಿಯ ಲ್ಯಾಟಿನ್ ಹೆಸರು. ವಿನೋದವೆಂದರೆ ಕಡಲೆಕಾಯಿ ಎಣ್ಣೆಯಲ್ಲಿ ಈ ಆಮ್ಲವೇ ಇಲ್ಲ. ಇರಲಿ. ಅಮೆರಿಕದಿಂದ ಬಂದಿದ್ದ ರಾಬರ್ಟ್ ಮರ್ಫಿ, ಮತ್ತು ಸ್ವೆನ್ ಹಮಾರ್‌ಸ್ಟ್ರೋಮ್ ಇವರೊಂದಿಗೆ ಸೇರಿ ಇಲಿಯ ಗಡ್ಡೆಯೊಂದರ ಜೀವಕೋಶಗಳಿಂದ ಆ ನಿಧಾನದ ವಸ್ತುವನ್ನು ತೆಗೆದು ಸ್ಯಾಮುಯೆಲ್ಸನ್ ಅದರ ರಚನೆಯನ್ನು ಓದಿದರು. ಅದು ಬರಿಯ ಕೊಬ್ಬೂ ಅಲ್ಲ, ಬರಿಯ ಪ್ರೋಟೀನಿನ ತುಣುಕೂ ಅಲ್ಲ. ಕೊಬ್ಬಿನ ಬಾಲಕ್ಕೆ ಅಮೈನೋ ಆಮ್ಲಗಳ ಕೊಂಡಿ ಸೇರಿದ ಮಿಶ್ರಜಾತಿ. ಇಷ್ಟು ವರ್ಷ ಅದು ತಪ್ಪಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು. ಹಾರ್ವರ್ಡಿನಲ್ಲಿ ಕೋರಿಯವರು ಅದನ್ನು ಪ್ರಯೋಗಶಾಲೆಯಲ್ಲೇ ಕಟ್ಟಿ ರಚನೆ ಸರಿಯೆಂದು ಖಚಿತಪಡಿಸಿದರು. ಬಿಳಿಯ ರಕ್ತಕಣಗಳಲ್ಲಿ ಹುಟ್ಟುವುದರಿಂದಲೂ ಒಡಲಲ್ಲಿ ಮೂರು ಜೋಡಿ ಬಂಧಗಳು ಸಾಲಾಗಿರುವುದರಿಂದಲೂ ಅದಕ್ಕೆ ‘ಲ್ಯೂಕೋಟ್ರೈಯೀನ್’ ಎಂದು ನಾಮಕರಣವಾಯಿತು. ಮೆಲ್ಬೋರ್ನಿನ ಗೆರೆಯಿಂದ ಈ ಹೆಸರಿಗೆ ನಲವತ್ತೊಂದು ವರ್ಷ. ಶ್ವಾಸನಾಳವನ್ನು ಬಿಗಿಯುವುದರಲ್ಲಿ ಇದು ಹಿಸ್ಟಮೀನಿಗಿಂತ ಸುಮಾರು ಸಾವಿರ ಮಡಿ ಬಲಶಾಲಿಯೆಂದು ಮರುವರ್ಷವೇ ತಿಳಿಯಿತು. ೧೯೮೨ರಲ್ಲಿ ಸ್ಯಾಮುಯೆಲ್ಸನ್, ಬೆರ್ಗ್‌ಸ್ಟ್ರೋಮ್, ಜಾನ್ ವೇನ್ ಈ ಮೂವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಹೆಸರು ತಿಳಿದ ಮೇಲೆ ಔಷಧದ ಕಂಪನಿಗಳೆಲ್ಲ ಓಟಕ್ಕೆ ನಿಂತವು. ಲ್ಯೂಕೋಟ್ರೈಯೀನ್ ಶ್ವಾಸನಾಳದ ಸ್ನಾಯುವಿನಲ್ಲಿರುವ ಒಂದು ಬೀಗಕ್ಕೆ ಬೀಗದ ಕೈಯಂತೆ ಹೊಗುತ್ತದೆ. ಆ ಬೀಗದ ಕಿಂಡಿಯಲ್ಲಿ ಸುಮ್ಮನೆ ಕೂತು, ತಾನೂ ತಿರುಗದೆ ಬೇರೆಯವರಿಗೂ ಎಡೆ ಕೊಡದ ವಸ್ತುವೊಂದು ಬೇಕಾಗಿತ್ತು. ಜಪಾನಿನಲ್ಲಿ ೧೯೯೫ರಲ್ಲಿ ಪ್ರಾನ್‌ಲುಕಾಸ್ಟ್, ಅಮೆರಿಕದಲ್ಲಿ ೧೯೯೬ರಲ್ಲಿ ಜಾಫಿರ್‌ಲುಕಾಸ್ಟ್ ಪೇಟೆಗೆ ಬಂದವು. ಕೆನಡಾದ ಮಾಂಟ್ರಿಯಲ್ ಬಳಿಯ ಮರ್ಕ್ ಫ್ರಾಸ್ಟ್ ಪ್ರಯೋಗಶಾಲೆಯವರ ದಾರಿ ಇನ್ನೂ ಉದ್ದವಾಯಿತು. ಅವರ ಹಿಂದಿನ ಒಂದು ಔಷಧ ಯಕೃತ್ತಿಗೆ ತೊಂದರೆ ಕೊಡುವ ಸೂಚನೆ ಕಂಡು ಅದನ್ನು ಕೈಬಿಡಬೇಕಾಯಿತು. ಮತ್ತೆ ತಿದ್ದಿ ತೀಡಿ ಮಾಡಿದ್ದೇ ಮಾಂಟೆಲುಕಾಸ್ಟ್. ಹೆಸರಿನ ಮೊದಲ ಭಾಗ ಮಾಂಟ್ರಿಯಲ್ ಊರಿನದು. ಕೊನೆಯ ‘ಲುಕಾಸ್ಟ್’ ಈ ಜಾತಿಯ ಔಷಧಗಳಿಗೆಲ್ಲ ಸಮಾನವಾದ ಮನೆತನದ ಹೆಸರು. ೧೯೯೮ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಬೀಗದ ಜೀನನ್ನು ಗುರುತಿಸಿದ್ದು ಅದಾದ ಮರುವರ್ಷ, ೧೯೯೯ರಲ್ಲಿ. ಊರಿಗೆ ಇಷ್ಟು ಕೀರ್ತಿ ತಂದ ಆ ಪ್ರಯೋಗಶಾಲೆಯನ್ನು ಮುಚ್ಚುವುದಾಗಿ ೨೦೧೦ರಲ್ಲಿ ಅದರ ಒಡೆಯರು ಪ್ರಕಟಿಸಿದರು. ವ್ಯಾಪಾರದ ಲೆಕ್ಕ ಬೇರೆಯೇ ಇರುತ್ತದೆ.

ಮಾತ್ರೆ ಜನಪ್ರಿಯವಾದುದಕ್ಕೆ ಕಾರಣ ಸುಲಭವಾಗಿ ತಿಳಿಯುತ್ತದೆ. ದಿನಕ್ಕೆ ಒಂದೇ, ಸಂಜೆಯ ಹೊತ್ತು. ದೊಡ್ಡವರಿಗೆ ೧೦ ಮಿಲಿಗ್ರಾಂ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ೫, ಅವರಿಗಿಂತ ಚಿಕ್ಕವರಿಗೆ ೪, ಅದೂ ಚೀಪಿ ಅಗಿಯುವ ಸಿಹಿ ಮಾತ್ರೆ. ಕೈ ನಡುಗುವುದಿಲ್ಲ, ಎದೆ ಹೊಡೆದುಕೊಳ್ಳುವುದಿಲ್ಲ. ಉಸಿರಿಗೆ ಎಳೆದುಕೊಳ್ಳುವ ಪಂಪನ್ನು ಕಂಡರೆ ನಮ್ಮ ಜನಕ್ಕೆ ಇರುವ ಅಳುಕು ಇದಕ್ಕಿಲ್ಲ. ೨೦೦೨ರ ಕೊನೆಯಲ್ಲಿ ಋತುಮಾನದ ಮೂಗಿನ ಅಲರ್ಜಿಗೂ ಇದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬಾಸ್ಟಾಕ್ ಅವರ ಬೇಸಗೆಯ ಸೀನಿಗೂ ಚರಕರ ಮೂಡಣ ಗಾಳಿಯ ಉಬ್ಬಸಕ್ಕೂ ಒಂದೇ ಮಾತ್ರೆಯಾಯಿತು. ೨೦೧೨ರಲ್ಲಿ ಅಲ್ಲಿ ಸ್ವಾಮ್ಯದ ಅವಧಿ ತೀರಿ ಬೆಲೆ ಇಳಿಯಿತು. ನಮ್ಮಲ್ಲಿ ಲಿವೋಸೆಟ್ರಿಜಿನ್ ಎಂಬ ಹಿಸ್ಟಮೀನಿನ ಪ್ರತಿಮದ್ದಿನೊಂದಿಗೆ ಬೆರೆಸಿ ಒಂದೇ ಗುಳಿಗೆಯಾಗಿ ಮಾರುವುದು ಈಗ ಸರ್ವಸಾಮಾನ್ಯ.

ಆದರೆ ಇದರ ಮಿತಿಯನ್ನೂ ಹೇಳಬೇಕು. ಉಸಿರು ಕಟ್ಟಿದ ಗಳಿಗೆಯಲ್ಲಿ ಇದನ್ನು ನುಂಗಿ ಕೂತರೆ ಪ್ರಯೋಜನವಿಲ್ಲ. ಆಗ ಬೇಕಾದದ್ದು ಬೇರೆ ಔಷಧ. ದಿನನಿತ್ಯದ ಕಾವಲಿಗೂ ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟಿರಾಯ್ಡೇ ಬಹುಮಂದಿಗೆ ಇದಕ್ಕಿಂತ ಹೆಚ್ಚು ಬಲವಾದ ಕಂಬ. ಲ್ಯೂಕೋಟ್ರೈಯೀನ್ ಕಳ್ಳರ ಗುಂಪಿನಲ್ಲಿ ಒಬ್ಬ; ಅವನನ್ನು ಹಿಡಿದ ಮಾತ್ರಕ್ಕೆ ಉಳಿದವರು ಊರು ಬಿಡುವುದಿಲ್ಲ. ಆದ್ದರಿಂದಲೇ ಕೆಲವರಿಗೆ ಈ ಮಾತ್ರೆ ಅಮೃತ, ಕೆಲವರಿಗೆ ಏನೂ ಅಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಮಾತ್ರೆ ಪೇಟೆಗೆ ಬಂದ ಮೇಲೆ ಕೆಲವು ತಂದೆತಾಯಿಗಳು ವೈದ್ಯರ ಬಳಿ ವಿಚಿತ್ರವಾದ ದೂರು ತರತೊಡಗಿದರು. ಮಗು ಕೆಟ್ಟ ಕನಸು ಕಂಡು ಕಿರಿಚಿಕೊಳ್ಳುತ್ತದೆ, ಸಾಧುವಾಗಿದ್ದ ಹುಡುಗ ಸಿಡುಕನಾಗಿದ್ದಾನೆ, ನಿದ್ದೆ ಬಾರದು, ಮಂಕು ಕವಿದಿದೆ. ಆತ್ಮಹತ್ಯೆಯ ಯೋಚನೆ, ಕೆಲವೆಡೆ ಆತ್ಮಹತ್ಯೆಯೇ ಆದ ವರದಿಗಳೂ ಬಂದವು. ಅಮೆರಿಕದ ಇಲಾಖೆ ೨೦೦೮ರಲ್ಲಿ ವಿಚಾರಣೆ ಆರಂಭಿಸಿ, ೨೦೦೯ರಲ್ಲಿ ಔಷಧದ ವಿವರಣ ಪತ್ರದಲ್ಲಿ ಎಚ್ಚರಿಕೆಯ ಮಾತು ಸೇರಿಸಿತು. ೨೦೨೦ರ ಮಾರ್ಚಿನಲ್ಲಿ, ತನ್ನ ಕೈಲಿರುವ ಅತ್ಯಂತ ಕಠಿಣ ಎಚ್ಚರಿಕೆಯನ್ನು, ಕಪ್ಪು ಚೌಕಟ್ಟಿನೊಳಗೆ ಅಚ್ಚು ಮಾಡುವಂಥದನ್ನು, ಇದಕ್ಕೆ ವಿಧಿಸಿತು. ಬರಿಯ ಮೂಗಿನ ಅಲರ್ಜಿಗೆ ಬೇರೆ ಔಷಧಗಳು ಸಾಲದೆ ಹೋದಾಗ ಮಾತ್ರ ಇದನ್ನು ಕೊಡಬೇಕೆಂದೂ ಹೇಳಿತು. ಅದೇ ಇಲಾಖೆ ಮಾಡಿಸಿದ ದೊಡ್ಡ ಅಧ್ಯಯನದಲ್ಲಿ ಇಂಥ ತೊಂದರೆ ಹೆಚ್ಚಾದುದಕ್ಕೆ ಸ್ಪಷ್ಟ ಸಾಕ್ಷ್ಯ ಸಿಕ್ಕಿರಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಮಾತ್ರೆ ನಿಲ್ಲಿಸಿದೊಡನೆ ಮಗು ಮೊದಲಿನಂತಾಯಿತೆಂದು ಹೇಳುವ ತಾಯಿಯ ಸಾಕ್ಷ್ಯವನ್ನು ಅಂಕಿಗಳ ರಾಶಿಯಲ್ಲಿ ಮುಳುಗಿಸಲಾಗದು. ಪುಪ್ಪುಸದ ಬೀಗಕ್ಕೆಂದು ಮಾಡಿದ ವಸ್ತು ಮಿದುಳಿಗೂ ತಲುಪುತ್ತದೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಹೀಗೆಂದು ಓದಿ, ಉಬ್ಬಸ ಹತೋಟಿಯಲ್ಲಿರುವ ಯಾರೂ ನಾಳೆಯೇ ಮಾತ್ರೆಯನ್ನು ತಾವಾಗಿ ಬಿಸಾಡಬಾರದು; ಅದೂ ಅಪಾಯವೇ. ಲಕ್ಷಾಂತರ ಜನ ಇದನ್ನು ನುಂಗಿ ನೆಮ್ಮದಿಯಾಗಿ ಮಲಗುತ್ತಾರೆ. ನನ್ನ ತಾಯಿಗೆ ಇದು ಸಮಯಕ್ಕೆ ಸಿಕ್ಕಿದ್ದರೆ ಎಂದು ನಾನೂ ಅಂದುಕೊಂಡದ್ದುಂಟು. ಆದರೆ ಕನಸು, ನಿದ್ದೆ, ಸಿಡುಕು ಇವು ಔಷಧದ ಗುಣದೋಷಕ್ಕೆ ಸೇರಿದ ವಿಷಯವೆಂದು ತಿಳಿದಿದ್ದರೆ ತಾನೆ ವೈದ್ಯರಲ್ಲಿ ಹೇಳುವುದು? ನಮ್ಮ ಪೇಟೆಯ ಅಂಗಡಿಯಲ್ಲಿ ಹತ್ತು ಮಾತ್ರೆಯ ಪಟ್ಟಿಯಿಂದ ಆರನ್ನು ಕತ್ತರಿಯಲ್ಲಿ ಕತ್ತರಿಸಿ, ಚಿಕ್ಕ ಕಾಗದದ ಚೀಲಕ್ಕೆ ಹಾಕಿ, ಮೇಲೆ ‘ರಾತ್ರಿ ೧’ ಎಂದು ಗೀಚಿ ಕೊಡುತ್ತಾರೆ. ಎಚ್ಚರಿಕೆ ಅಚ್ಚಾಗಿರುವ ಮಡಿಸಿದ ಕಾಗದ ಅಂಗಡಿಯ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಒಮ್ಮೆ ನಾನು ಅದನ್ನು ಕೇಳಿ ಪಡೆದು ಮನೆಗೆ ತಂದೆ. ಇರುವೆಯ ಸಾಲಿನಂಥ ಅಕ್ಷರದಲ್ಲಿ, ಎರಡೂ ಬದಿ ತುಂಬ ಅಚ್ಚಾಗಿತ್ತು. ಕನ್ನಡದ ಅಕ್ಷರ ಒಂದೂ ಇರಲಿಲ್ಲ.